ಪಾತ್ರ ಬಿಟ್ಟ ಮೇಲೆ

“ಆ ಮಾತು ನಿಂಗೆ ಹೇಳಿದ್ದು ಯಾರು ಅಂತ ಇವ್ರಿಗೂ ಹೇಳು, ಸುಚಿತಾ!”

ರಾಜೀವ ಕೂತಲ್ಲಿಂದಲೇ ಕೂಗಿದ. ಹೊನ್ನಾವರದ ಆಸ್ಪತ್ರೆಯ ತರಗತಿಯಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು.

ಮನೋವೈದ್ಯರಾಗಲು ಕಲಿಯುತ್ತಿದ್ದ ಇವರಿಗೆ ಪಾಠ ಹೇಳುವ ಡಾ. ವಸಂತಿ ಪುಸ್ತಕ ಓದಿ ನಿದ್ದೆ ಬರಿಸುವ ಮೇಡಂ ಅಲ್ಲ. ಒಬ್ಬರು ರೋಗಿಯಾಗಬೇಕು, ಇನ್ನೊಬ್ಬರು ಡಾಕ್ಟರ್. ಆಡಿಯೇ ಕಲಿಯಬೇಕು. ಮುಗಿದ ಮೇಲೆ ಕೈ ಕೊಡವಿ, ತಮ್ಮ ಹೆಸರು ಹೇಳಿ ಪಾತ್ರ ಬಿಡಬೇಕು.

ಕಾಗಾಲದ ಸುಚಿತಾ ಇವತ್ತು ರೋಗಿಯ ಪಾತ್ರದಲ್ಲಿ, ಮೀನಿಗೆಂದು ಕಡಲಿಗೆ ಹೋದ ಗಂಡ ವಾಪಸು ಬಾರದ ಹೆಂಗಸಾಗಿದ್ದಳು. ವೇಲನ್ನು ಸೆರಗಿನಂತೆ ತಲೆಗೆಳೆದು, ರಾಗ ಎಳೆದು, “ಮಗಾ, ಬೋಟು ಬಂತಾ? ಅನ್ನ ಆರ್ತದೆ...” ಎಂದಿದ್ದಳು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು.

ಅದು ರಾಜೀವನ ಅಮ್ಮ ಕಮಲಿಯ ಮಾತು! ಅಪ್ಪನ ಬೋಟು ಬಾರದೆ ವರ್ಷಗಳಾದರೂ ಇವತ್ತಿಗೂ ಅವರು ಬಾಗಿಲಲ್ಲಿ ನಿಂತು ಕೇಳುವ ಮಾತು. ಮುರ್ಡೇಶ್ವರದ ದಂಡೆಯಲ್ಲಿ ಕೂತು ರಾಜೀವ ಸುಚಿತಾಳೊಬ್ಬಳಿಗೇ ಹೇಳಿಕೊಂಡಿದ್ದ.

ಅವನು ಎದ್ದು ಹೊರಗೆ ಹೋಗಿಬಿಟ್ಟ. ತನ್ನ ಹೆಸರು ಹೇಳಿ ಪಾತ್ರ ಬಿಡುವುದಕ್ಕೂ ಸುಚಿತಾಳ ನಾಲಗೆ ಹೊರಳಲಿಲ್ಲ.

‘ಭೇಷ್ ಅನಿಸಿಕೊಳ್ಳುವ ಆಸೆಗೆ ಎಂಥ ಕೆಲಸ ಮಾಡಿದೆ ನಾನು! ಥೂ...’

ಆಮೇಲೆ ಅವಳು ಎದುರಾದರೆ ಅವನು ದಾರಿಯನ್ನೇ ಬದಲಿಸುತ್ತಿದ್ದ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳಲೂ ಅವಳಿಗೆ ನಾಚಿಕೆ. ಇಷ್ಟು ದಿನ ಸ್ನೇಹ ಎಂದುಕೊಂಡಿದ್ದು ಪ್ರೀತಿ ಎಂದು ಹುಡುಗಿಗೆ ಗೊತ್ತಾದದ್ದೂ ಆಗಲೇ... ಒಳ್ಳೆ ಹೊತ್ತು ನೋಡಿ!

ಮುಂದಿನ ತರಗತಿಯಲ್ಲಿ ಡಾ. ವಸಂತಿ ರಾಜೀವನನ್ನು ಡಾಕ್ಟರ ಕುರ್ಚಿಯಲ್ಲಿ ಕೂರಿಸಿದರು. “ರೋಗಿ ಯಾರಾಗ್ತೀರಿ?”

ಸುಚಿತಾ ಎದ್ದಳು. ರೋಗಿಯ ಕುರ್ಚಿಯಲ್ಲಿ ಕೂತಳು.

“ಎಂತ ಆಗ್ತದೆ ನಿಮಗೆ?” ರಾಜೀವ ತಲೆ ಎತ್ತಲಿಲ್ಲ.

“ನಾಚಿಕೆ, ಡಾಕ್ಟ್ರೇ. ಒಬ್ರು ನಂಬಿ ಹೇಳಿದ ನೋವನ್ನ ನಾನು ನಗೆಪಾಟಲು ಮಾಡಿದೆ. ಎಲ್ಲರೂ ನಕ್ಕಾಗ ನಂಗೆ ಖುಷಿ ಆತು... ಅದೇ ಈಗ ಸುಡ್ತದೆ.”

ಈ ಸಲ ಯಾರೂ ನಗಲಿಲ್ಲ.

“ಅವ್ರ ಹತ್ರ ಹೇಳಿದ್ರಾ?”

“ಅವ್ರು ನನ್ನ ಮುಖ ನೋಡೂದಿಲ್ಲ. ಕ್ಷಮೆ ಸಿಗದೆ ಇದ್ರೂ ಅಡ್ಡಿಲ್ಲ... ಆದ್ರೆ ಅವ್ರಿಲ್ದೆ ನಂಗಾಗೂದಿಲ್ಲ.”

ರಾಜೀವ ತಲೆ ಎತ್ತಿದ. ಕಣ್ಣು ತುಂಬಿತ್ತು. ‘ನೀವು’ ಎನ್ನುವುದೂ ಮರೆತುಹೋಗಿತ್ತು.

“ಆತು... ಹೆಸರು ಹೇಳು. ಪಾತ್ರ ಬಿಡು.”

ಅವಳು ಕೈ ಕೊಡವಲಿಲ್ಲ.

“ನಾನು ಸುಚಿತಾ. ಬಿಡೂಕೆ ಪಾತ್ರವೇ ಇಲ್ವಲ್ಲ, ರಾಜೀವ...”

ಅವನು ಡಾಕ್ಟರ ಕುರ್ಚಿಯಿಂದ ಎದ್ದ.

“ಭಾನುವಾರ ಮನೆಗೆ ಬಾ. ಬೋಟು ಬಂತಾ ಅಂತ ಅಮ್ಮ ಕೇಳಿದ್ರೆ ಎಂತ ಹೇಳ್ತಿ?”

“ಎಂತದೂ ಹೇಳೂದಿಲ್ಲ. ಅವ್ರ ಹತ್ರ ಕೂತ್ಕಳ್ತೆ... ಅನ್ನ ಆರೂ ತನಕ.”