ಹೊಂಗೆ ಮರದ ಕಡೆ ಮುಖ

"ಬಿಡ್ರೀ ಅದನ್ನ! ರೆಕ್ಕೆ ಮುರಿಯುತ್ತೆ!"

ಯಶೋಧರಾ ಗೇಟು ತಳ್ಳಿಕೊಂಡು ಓಡಿದಳು. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಬೇಲಿಯೊಳಗೆ ಬರೀ ರೆಕ್ಕೆ, ಗರಿ, ಕಿರುಚಾಟ. ಹೆಣ್ಣು ಹೆಬ್ಬಾತೊಂದು ತನಗಿಂತ ದಪ್ಪನೆಯ ಗಂಡಿನ ಎದೆಯನ್ನು ಕೊಕ್ಕಿನಲ್ಲಿ ಕಚ್ಚಿ ಹಿಡಿದಿತ್ತು. ಎರಡರ ನಡುವೆ ಜಗನ್ ಮಂಡಿಯೂರಿ ಕೂತಿದ್ದ.

"ನಾನೆಲ್ಲಿ ಹಿಡಿದಿದೀನಿ ಮೇಡಂ? ಅದೇ ನನ್ನ ಹಿಡ್ಕೊಂಡಿದೆ!"

ಅವಳು ಬಗ್ಗಿ, ಹೆಣ್ಣಿನ ಎರಡೂ ರೆಕ್ಕೆಗಳನ್ನು ಮೈಗೊತ್ತಿ, ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಗಂಡು ಬದುಕಿದೆಯಾ ಬಡಜೀವವೇ ಎಂದು ನೀರಿಗೆ ಓಡಿತು.

ಈಗ ಅವರಿಬ್ಬರೇ ಎದುರುಬದುರು. ಮುಖ ನೋಡಿ ತಿಂಗಳಾಗಿತ್ತು.

"ಕೈಯಲ್ಲಿ ರಕ್ತ..." ಎಂದಳು. ತಕ್ಷಣ ತನ್ನ ಮೇಲೇ ಸಿಟ್ಟು ಬಂತು. ಇವನ ಕೈ ಏನಾದರೆ ನನಗೇನು?

"ಬರ್ಲಿ ಬಿಡಿ."

"ಹೊಸ ಗಂಡು ತಂದ್ರಾ?"

"ಒಂಟಿ ಆಗ್ಬಿಡ್ತಲ್ಲ ಅಂತ..."

"ಹಳೇದನ್ನ ಮಾರೋವಾಗ ಗೊತ್ತಿರಲಿಲ್ವಾ, ಒಂಟಿ ಆಗುತ್ತೆ ಅಂತ?"

ಜಗನ್ ಅಂಗಿಯ ತುದಿಯಿಂದ ಕೈ ಒರೆಸಿಕೊಂಡ.

ಯಶೋಧರಾ ಗೌರಿಬಿದನೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಪಾಠ ಮುಗಿಸಿ, ಬಸ್ಸು ಬದಲಿಸಿ, ಮಂಡಿಕಲ್ ಹತ್ತಿರದ ಈ ಕೆರೆಯಂಚಿಗೆ ಬರುತ್ತಿದ್ದಳು. ಹೆಬ್ಬಾತುಗಳು ಹೇಗೆ ಜೊತೆಯಾಗುತ್ತವೆ, ಮರಿಗಳನ್ನು ಹೇಗೆ ಸಾಕುತ್ತವೆ ಎನ್ನುವುದು ಅವಳ ಸಂಶೋಧನೆ. ಜಗನ್ ಅವುಗಳನ್ನು ಸಾಕಿ, ಹಾವು ಬರದಂತೆ, ಕಳ್ಳರು ನುಗ್ಗದಂತೆ ತೋಟ ಕಾಯಲು ಬೇಕೆನ್ನುವವರಿಗೆ ಮಾರುತ್ತಿದ್ದ. ಎರಡು ಚಳಿಗಾಲ ಅವಳು ಇಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಪ್ಪ ಗಂಗುಲಪ್ಪ ಮೇಷ್ಟ್ರು ಹಾಸಿಗೆ ಹಿಡಿದ ಮೇಲೂ ಬಿಡುವಾದಾಗ ಬರುತ್ತಿದ್ದಳು. ಆಸ್ಪತ್ರೆಯ ವಾಸನೆ ಸೀರೆಯಲ್ಲೇ ಇರುತ್ತಿತ್ತು. ಜಗನ್ ಟೀ ತಂದು ಪಕ್ಕದ ಕಲ್ಲಿನ ಮೇಲಿಡುತ್ತಿದ್ದ. ಅಪ್ಪ ಹೇಗಿದ್ದಾರೆ ಎಂದು ಕೇಳದೆ ಇರುತ್ತಿದ್ದ ಮನುಷ್ಯ ಅವನೊಬ್ಬನೇ. ಆ ಮೌನದಲ್ಲಿ ಅವಳು ಉಸಿರಾಡುತ್ತಿದ್ದಳು.

ಗುರುತಿಗೆಂದು ಕಾಲಿಗೆ ಉಂಗುರ ತೊಡಿಸಿದ್ದ ಹೆಬ್ಬಾತುಗಳಲ್ಲಿ ಹಸಿರು ಉಂಗುರದ ಈ ಹೆಣ್ಣು ಮತ್ತು ಕೆಂಪು ಉಂಗುರದ ಗಂಡು ಅವಳಿಗೆ ಅಚ್ಚುಮೆಚ್ಚು. ಹೆಣ್ಣು ಗುಡಿಸಿಲಿನ ಗೋಡೆಯ ಪಕ್ಕ ಕಾವಿಗೆ ಕೂತಿತ್ತು. ಗಂಡು ಹತ್ತಿರದಲ್ಲೇ ಕಾವಲು ನಿಂತಿರುತ್ತಿತ್ತು.

ಆಮೇಲೆ ಅಪ್ಪ ಹೋದರು.

ಬುದ್ಧನಿಗೆ ಶರಣೆನ್ನುವ ತಿಸರಣ ಹೇಳಿ ಅಪ್ಪನನ್ನು ಮಣ್ಣು ಮಾಡಿ, ವಾರ ಕಳೆದು ಅವಳು ಇಲ್ಲಿಗೆ ಬಂದಾಗ ಕೆಂಪು ಉಂಗುರದ ಗಂಡು ಇರಲಿಲ್ಲ. ಗೂಡಿನಲ್ಲಿ ಮೊಟ್ಟೆಗಳು ತಣ್ಣಗಾಗಿದ್ದವು.

'ಮಾರಿದೆ,' ಎಂದಿದ್ದ ಜಗನ್, ಕಣ್ಣು ಬೇರೆಲ್ಲೋ ಇಟ್ಟು. 'ನಂದಿ ಕಡೆಯವರು ಬಂದು ಕೇಳಿದ್ರು. ಲಗೇಜ್ ಆಟೋದಲ್ಲಿ ಕಳಿಸ್ದೆ.'

ಕಾವಿಗೆ ಕೂತವಳ ಜೊತೆಗಾರನನ್ನು ಕಾಸಿಗೆ ಮಾರಿದವನು... ಇವನ ಪಕ್ಕದಲ್ಲಾ ನಾನು ನೆಮ್ಮದಿ ಹುಡುಕಿದ್ದು? ಅವಳು ಮಾತಾಡದೆ ಬಸ್ಸು ಹತ್ತಿದ್ದಳು. ಇವತ್ತು ಬಂದದ್ದು ಕುರ್ಚಿ, ದುರ್ಬೀನು ತೆಗೆದುಕೊಂಡು ಹೋಗಲು. ಅಷ್ಟೇ. ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

"ಏಮ್ಮಾ ಯಶೋಧರಮ್ಮಾ! ಇದೇನು ಹಿಂಗೆ ಸೊರಗಿದೀಯ?" ಜಗನ್‌ನ ತಾಯಿ ಮುನಿಶಾಮಮ್ಮ ಗುಡಿಸಿಲಿನಿಂದ ಹೊರಬಂದಳು. "ಬಾತುಕೋಳಿ ಮೇಲಿನ ಕೋಪಾನ ಅನ್ನದ ಮೇಲೆ ತೋರಿಸ್ತಿದ್ದೀಯಾ?"

"ಬಾತುಕೋಳಿ ಮೇಲೆ ನಂಗ್ಯಾಕೆ ಕೋಪ ಅಮ್ಮಾ?"

"ಮತ್ಯಾರ ಮೇಲೆ? ನನ್ನ ಮೇಲಾ?" ಮುದುಕಿ ಮಗನತ್ತ ಓರೆಗಣ್ಣು ಹಾಯಿಸಿದಳು. "ಈ ನನ್ ಮಗ ಹುಟ್ಟಿದಾಗ್ಲೂ ಅಳಲಿಲ್ಲ ಕಣಮ್ಮಾ. ಸೂಲಗಿತ್ತಿ ತಲೆಕೆಳಗೆ ಹಿಡಿದು ಎರಡು ಬಿಟ್ಟ ಮೇಲೇ ಬಾಯಿ ತೆಗೆದಿದ್ದು. ನೀನೂ ಒಂದು ಕೈ ನೋಡು."

"ಅಮ್ಮಾ... ಹೋಗಿ ಟೀ ಇಡಮ್ಮ, ಸುಮ್ನೆ."

ಯಶೋಧರಾಗೆ ನಗು ಬರಬೇಕಿತ್ತು. ಬರಲಿಲ್ಲ. ಎಷ್ಟು ದಿನದಿಂದಲೋ ನಗುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ.

ಕಂಕುಳಲ್ಲಿದ್ದ ಹೆಬ್ಬಾತನ್ನು ಕೆಳಗಿಳಿಸಿ, ಕುರ್ಚಿ ಮಡಚತೊಡಗಿದಳು. ಹೆಬ್ಬಾತು ಮೈ ಕೊಡವಿತು. ತೆರೆದೇ ಇದ್ದ ಗೇಟಿನ ಎದುರಿಗೇ ಹಾದು, ಅತ್ತ ತಿರುಗಿಯೂ ನೋಡದೆ, ಕೆರೆಕಟ್ಟೆಯುದ್ದಕ್ಕೂ ನಡೆಯಿತು. ತುದಿಯ ಹೊಂಗೆ ಮರದಡಿ ನಿಂತು ಕತ್ತು ಚಾಚಿ ಕೂಗಿತು. ಕಾಯಿತು. ಮತ್ತೆ ಕೂಗಿತು. ಅಲ್ಲಿ ಒಂದಿಷ್ಟು ಜಾಲಿಮುಳ್ಳು ಹೇರಿದ ಮಣ್ಣಿನ ಗುಪ್ಪೆ.

ಯಶೋಧರಾಳ ಕೈ ನಿಂತಿತು.

"ದಿನಾ ಅಲ್ಲೇ ಹೋಗುತ್ತಾ?"

"...ಹೂಂ. ಸಂಜೆ ಹೊತ್ತು."

"ಗೇಟಿನ ಹತ್ರ ಹೋಗಲ್ವಾ?"

"ಇಲ್ಲ."

"ಆಟೋ ಬಂದಿದ್ದು ಗೇಟಿಗೆ ತಾನೆ? ಗಂಡನ್ನ ಅಲ್ಲಿಂದಲೇ ತಾನೆ ಹತ್ತಿಸಿದ್ದು?"

ಜಗನ್ ನೆಲ ನೋಡಿದ.

"ಜೊತೇದನ್ನ ಕೊನೇ ಸಲ ಎಲ್ಲಿ ನೋಡಿತ್ತೋ ಅಲ್ಲೇ ನಿಂತು ಕರೀತಿದೆ ಅದು." ಅವಳು ಕುರ್ಚಿ ಕೆಳಗಿಟ್ಟಳು. "ಗೇಟಿನ ಕಡೆ ಅಲ್ಲ... ಹೊಂಗೆ ಮರದ ಕಡೆ ಮುಖ ಮಾಡಿದೆ. ನೀವು ಮಾರಲಿಲ್ಲ. ಅಲ್ವಾ?"

ಅವನು ಹೇಳಿದ. "ನಾಯಿಗಳು."

"ಯಾವತ್ತು?"

"ಬಿಡಿ ಮೇಡಂ, ಈಗ್ಯಾಕೆ..."

"ಯಾವತ್ತು ಅಂತ ಕೇಳ್ದೆ!"

ಕೇಳುತ್ತಿದ್ದಂತೆಯೇ ಅವಳ ಕಣ್ಣ ಮುಂದೆ ಅಪ್ಪನ ಚಟ್ಟ ಬಂತು. ಹಿಂಬದಿಯ ಬಲಗಡೆ ಹೆಗಲು ಕೊಟ್ಟವನ ಬೆವೆತ ಬೆನ್ನು... ಅವತ್ತು ಜಗನ್ ಬಂದಿದ್ದ. ಯಾರೂ ಕರೆದಿರಲಿಲ್ಲ. ಬಂದು, ಹೊತ್ತು, ಮಣ್ಣು ಹಾಕಿ, ಹೇಳದೆ ಹೋಗಿದ್ದ.

"ಅವತ್ತೇನಾ?"

"ಅಮ್ಮ ಅಕ್ಕನ ಮನೇಲಿದ್ರು. ಬೇಗ ಬಂದು ಬಾತುಗಳನ್ನ ಒಳಗೆ ಕೂಡಿಹಾಕೋಣ ಅಂದ್ಕೊಂಡಿದ್ದೆ. ಬರೋಷ್ಟರಲ್ಲಿ ಕತ್ಲಾಗಿತ್ತು." ಅವನು ಕಟ್ಟೆಯ ಕಡೆ ನೋಡಿದ. "ಗೂಡಿನ ಹತ್ರಕ್ಕೆ ಬಿಟ್ಟಿಲ್ಲ ಗಂಡು. ನಾಯಿಗಳನ್ನ ಅಟ್ಟಿಸ್ಕೊಂಡು ಮರದವರೆಗೂ ಹೋಗಿದೆ. ಹೆಣ್ಣೂ ಹಿಂದೇನೇ ಹೋಗಿರ್ಬೇಕು. ನಾನು ಬಂದಾಗ ಗಂಡು ಸತ್ತು ಬಿದ್ದಿತ್ತು, ಹೆಣ್ಣು ಪಕ್ಕದಲ್ಲೇ ನಿಂತಿತ್ತು. ಅಲ್ಲೇ ಮಣ್ಣು ಮಾಡ್ದೆ."

"ನನಗ್ಯಾಕೆ ಸುಳ್ಳು ಹೇಳಿದ್ರಿ?"

"ಹೆಂಗೆ ಹೇಳ್ಲಿ? ನಿಮ್ಮ ತಂದೆ ಮಣ್ಣಿಗೆ ಬಂದಿದ್ದಕ್ಕೇ ಹಿಂಗಾಯ್ತು ಅಂತಾನಾ? ಅದನ್ನೂ ನೀವೇ ತಲೆ ಮೇಲೆ ಹೊತ್ಕೊಂತಿದ್ರಿ. ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ಬಸ್ ಹತ್ತಿ ಹೋಗ್ತೀರಿ. ನಿಮ್ಮ ಮೇಲೇ ಮಾಡ್ಕೊಂಡ್ರೆ ಎಲ್ಲಿಗೆ ಹೋಗ್ತೀರಿ?"

ಅಯ್ಯೋ... ಒಂದು ತಿಂಗಳು! ಕಾಸಿನಾಸೆಯವನು, ಕಟುಕ ಎಂದೆಲ್ಲ ಬೈದುಕೊಂಡು ಮಲಗಿದ್ದೆನಲ್ಲ! ಅವಳು ಮಡಚಿದ ಕುರ್ಚಿಯನ್ನು ಮತ್ತೆ ಬಿಚ್ಚಿ ಅದರ ಮೇಲೆ ಕುಸಿದಳು. ಅಪ್ಪ ಹೋದಾಗಲೂ ಬಾರದ ಅಳು ಈಗ ಬಂತು. ಜಗನ್ ಸಮಾಧಾನ ಹೇಳಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತ.

ಅಳು ತಗ್ಗಿದ ಮೇಲೆ ಅವನೇ ತಡವರಿಸಿದ. "ಬಾತುಗಳು... ಒಂದ್ಸಲ ಜೊತೆಯಾದ್ರೆ ಜೀವ ಇರೋವರೆಗೂ ಅಂತಾರಲ್ಲ, ಹಂಗೇ..."

"ನಿಮ್ಮ ನೀಲಿ ಉಂಗುರದವನಿಗೆ ಇಬ್ರು ಹೆಂಡ್ತೀರು," ಎಂದಳು ಮೂಗೊರೆಸಿಕೊಳ್ಳುತ್ತ. "ಬಾತು ವಿಷಯ ಬಿಡಿ. ನಿಮ್ಮ ವಿಷಯ ಹೇಳಿ."

"ನಂದೇನಿದೆ? ಮರಿಗಳೆಲ್ಲ ಬಲಿತ್ರೆ ನೀವು ಬರೋದು ನಿಲ್ಲಿಸ್ತೀರಿ. ಎರಡು ವರ್ಷದಿಂದ ನಂಗೆ ಬೇಸಿಗೆ ಅಂದ್ರೆ ಭಯ."

ಅವಳು ಕುರ್ಚಿಗೆ ಒರಗಿದಳು.

"ನಂಗೆ ತುಂಬಾ ಸುಸ್ತಾಗಿದೆ ಜಗನ್ ಅವ್ರೇ."

"ಗೊತ್ತು. ಅದಕ್ಕೇ..." ಅವನು ಎದ್ದು ನಿಂತ. ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಮುಗಿಸುವವನಂತೆ ಹೇಳಿದ. "ಶಿಡ್ಲಘಟ್ಟದ ಹತ್ರ ವೆಂಕಟರವಣಪ್ಪ ಅಂತ ನಮ್ಮ ಪರಿಚಯದವರು. ನನಗಿಂತ ಜಾಸ್ತಿ ಬಾತು ಸಾಕಿದಾರೆ. ಸುತ್ತ ಕಾಂಪೌಂಡು. ಕಾವಿಗೆ ಕೂತಿರೋವೂ ಇವೆ. ನಿಮ್ಮ ಓದು ನನ್ನಿಂದ ಹಾಳಾಗಬಾರ್ದು. ಅವರ ಹತ್ರ ಮಾತಾಡಿದೀನಿ. ನಾಳೆಯಿಂದ ಅಲ್ಲಿಗೆ ಹೋಗಿ. ನಾನೇ ಬೈಕಲ್ಲಿ ಬಿಡ್ತೀನಿ, ಬಸ್ಸಿನ ಕಾಟಾನೂ ಇರಲ್ಲ."

"ಹೋಗಲ್ಲ."

"ಒಳ್ಳೇ ಜಾಗ ಮೇಡಂ. ಒಂದ್ಸಲ ನೋಡ್ಕೊಂಡಾದ್ರೂ ಬನ್ನಿ..."

ಯಶೋಧರಾ ಅವನ ಗಾಯದ ಕೈ ಹಿಡಿದೆಳೆದು ಮತ್ತೆ ಕಲ್ಲಿನ ಮೇಲೆ ಕೂರಿಸಿ, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಸೆರಗಿನ ತುದಿಯಿಂದ ಬಿಗಿಯಾಗಿ ಒತ್ತಿ ಹಿಡಿದಳು.

"ಹೋಗಲ್ಲ ಅಂದೆನಲ್ಲ ಜಗನ್."