ಕಾರಿನ ಕೀಗೆ ಅಂಟಿದ ಕುಂಕುಮ

"ಎಳೀಬ್ಯಾಡಿ... ಮುರ್ದೋಯ್ತದೆ!"

ಗಾಡಿಕೊಟ್ಟಿಗೆಯ ಕಂಬದ ಹಿಂದಿನಿಂದ ಬಂದ ಆ ಹೆಣ್ಣುದನಿಗೆ, ಕಾರಿನೊಳಗೆ ಕೂತಿದ್ದವನ ಕೈ ಹಾಗೇ ನಿಂತಿತು. ತಲೆಯೆತ್ತಿ ನೋಡಿದ. ಬಳೆಯಿಲ್ಲದ ಕೈ, ಬೊಟ್ಟಿಲ್ಲದ ಹಣೆ. ಕಣ್ಣು ಮಾತ್ರ ಜಗಳಕ್ಕೆ ನಿಂತ ಹಾಗಿತ್ತು!

"ನಿಮ್ದಾ ಕಾರು?"

"ನಮ್ಮಪ್ಪಂದು."

ಹೇಳಿದವಳೇ ಮಾಯಮ್ಮ ನಾಲಿಗೆ ಕಚ್ಚಿಕೊಂಡಳು. 'ಅಯ್ಯೋ ಶಿವನೇ... ಗುರುತಿಲ್ಲದ ಗಂಡಸಿನ ಹತ್ತಿರ ಮಾತಾಡಿಬಿಟ್ಟೆನಲ್ಲ! ಅದೂ ವಿಜಯದಶಮಿ ದಿನ, ಬೆಳ್ಳಂಬೆಳಗ್ಗೆ ಎದುರಿಗೇ ಬಂದು!'

ಅದು ಅರವತ್ತೆಂಟನೇ ಇಸವಿ. ಬೂಕನಕೆರೆ ಸುತ್ತಮುತ್ತ ಒಂದು ಅಂಬಾಸಿಡರ್ ಕಾರು ಅಂತ ಇದ್ದರೆ ಅದು ನಂಜಪ್ಪನವರ ಮನೆಯದು. ಆ ನಂಜಪ್ಪನವರೂ ಹೋದ ಯುಗಾದಿಗೆ ಮುಂಚೆ ಕಣ್ಣು ಮುಚ್ಚಿದ್ದರು. ಅವರ ಒಬ್ಬಳೇ ಮಗಳು ಮಾಯಮ್ಮ. ನಾಗಮಂಗಲದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅರಿಶಿನದ ಕೊಂಬಿನ ಬಣ್ಣ ಮಾಸುವ ಮೊದಲೇ ಗಂಡ ಜ್ವರದಲ್ಲಿ ಹೋಗಿಬಿಟ್ಟ. ಇದೇ ಕಾರಿನಲ್ಲಿ ಅಪ್ಪ ಹೋಗಿ ಮಗಳನ್ನು ಕರೆತಂದಿದ್ದರು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ಅಳು ಮಗ, ಗಾಜು ಏರಿಸಿವ್ನಿ. ಯಾರ್ಗೂ ಕೇಳ್ಸಕಿಲ್ಲ."

ಅಪ್ಪ ಹೋದ ಮೇಲೆ ಯಜಮಾನಿಕೆ ಚಿಕ್ಕಪ್ಪ ಮಂಚಯ್ಯನ ಕೈಗೆ ಬಂತು. ಕೆಟ್ಟವನಲ್ಲ. ಆದರೆ ಮನೆಯ ಮರ್ಯಾದೆ ಅಂದರೆ ಪ್ರಾಣ. ಮುತ್ತೈದೆಯರು ಕೂತಲ್ಲಿ ಮಾಯಮ್ಮ ಕೂರುವಂತಿಲ್ಲ, ಪೂಜೆಯ ತಟ್ಟೆ ಮುಟ್ಟುವಂತಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಅವಳು ಬಂದು ಕೂರುತ್ತಿದ್ದುದು ಈ ಕಾರಿನ ಹಿಂದಿನ ಸೀಟಿನಲ್ಲಿ. ಗಾಜು ಏರಿಸಿಕೊಂಡು ಸುಮ್ಮನೆ ಕೂತರೆ, ಮುಂದಿನ ಸೀಟಿನಲ್ಲಿ ಅಪ್ಪ ಇದ್ದಾರೆ ಅನ್ನಿಸುತ್ತಿತ್ತು.

ಈಗ ಆ ಕಾರನ್ನೂ ಮಾರುತ್ತಾರಂತೆ!

ಕೊಳ್ಳಲು ಬಂದವನು ಇವನೇ. ಪಾಂಡವಪುರದಲ್ಲಿ ಬಾಡಿಗೆ ಕಾರು ಓಡಿಸುವ ಚಿಕ್ಕಸ್ವಾಮಿ. ಆದರೆ ಕಾರು ಜಪ್ಪಯ್ಯ ಅಂದರೂ ಹೊರಡಲೊಲ್ಲದು. ಕೀ ತೂತಿನಲ್ಲಿ ಕೀ ಸಿಕ್ಕಿಕೊಂಡಿದೆ. ಆ ಕಡೆ ತಿರುಗದು, ಈ ಕಡೆ ತಿರುಗದು, ಹೊರಗೂ ಬಾರದು!

"ಏನ್ಲಾ, ಬಂತಾ?" ಅನ್ನುತ್ತ ಮಂಚಯ್ಯ ಬಂದ. ಮಾಯಮ್ಮ ಸರಕ್ಕನೆ ಕಂಬದ ಹಿಂದೆ ಸರಿದಳು.

"ಇಲ್ಲ ಕಣಣ್ಣ. ಒಂದು ತಲೆಪಿನ್ನು ಇದ್ರೆ ಕೊಡ್ಸಿ, ನೋಡನ."

ಸೋದರತ್ತೆ ಚಿಕ್ಕಬೋರಮ್ಮ ಜಗಲಿಯಿಂದಲೇ ಕೂಗಿದಳು. "ನನ್ ಬೋಳು ಗಂಟಿಗೆ ಪಿನ್ನೆಲ್ಲಿಂದ ಬರಬೇಕ್ಲಾ! ಲೇ ಮಾಯಿ, ನಿಂದು ಕೊಡು."

ಮಾಯಮ್ಮ ತುರುಬಿನಿಂದ ಪಿನ್ನು ತೆಗೆದು ನೀಡಿದಳು. ಅವನು ಅದನ್ನು ಕೀಯ ಪಕ್ಕಕ್ಕೆ ತೂರಿಸಿ ಮೆಲ್ಲಗೆ ಕೆದಕಿದ. ಒಣಗಿದ ಗಂಧದ ಹೆಪ್ಪು ಉದುರಿತು. ಅದರ ಹಿಂದೆ ಕೆಂಪು...

ಕುಂಕುಮ!

ಮಾಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು.

ಹೌದು... ಇಟ್ಟವಳು ಅವಳೇ! ನಿನ್ನೆ ಆಯುಧಪೂಜೆ. ನೇಗಿಲಿಗೆ, ಕುಡುಗೋಲಿಗೆ, ಕಬ್ಬಿನ ಗಾಣಕ್ಕೆ, ಕೊನೆಗೆ ಮೀಟುಗೋಲಿಗೂ ಪೂಜೆಯಾಯಿತು. ಕಾರಿಗೆ ಮಾತ್ರ ಇಲ್ಲ. "ಮಾರೋ ಕಾರಿಗ್ಯಾಕೆ ಪೂಜೆ?" ಅಂದಿದ್ದ ಚಿಕ್ಕಪ್ಪ. ಅಪ್ಪ ಪ್ರತಿ ವರ್ಷ ಚೆಂಡುಹೂವಿನ ಹಾರ ಹಾಕಿ, ಗಂಧ ಕುಂಕುಮ ಇಟ್ಟು, ಕೀ ತೂರಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸುತ್ತಿದ್ದರು. ಮನೆಯವರೆಲ್ಲ ಆಲೆಮನೆ ಪೂಜೆಗೆ ಹೋದಾಗ ಅವಳಿಗೆ ತಡೆಯಲಾಗಲಿಲ್ಲ. ಮುಟ್ಟಬಾರದ ಕುಂಕುಮದ ಬಟ್ಟಲು ಮುಟ್ಟಿದಳು. ಯಾರಾದರೂ ಬಂದುಬಿಟ್ಟರೆ ಅನ್ನುವ ಅವಸರ. ಕೀ ತೂತಿನ ಮೇಲೆ ಬೊಟ್ಟಿಡಲು ಹೋಗಿ ಹಸಿ ಗಂಧ, ಕುಂಕುಮ ಎಲ್ಲ ಒಳಗೇ ಮೆತ್ತಿತು. ಹಾಗೇ ಕೀಯನ್ನೂ ತುರುಕಿ, ಕಣ್ಣೊರೆಸಿಕೊಂಡು ಓಡಿಬಂದಿದ್ದಳು.

ಚಿಕ್ಕಸ್ವಾಮಿ ತನ್ನ ಬೆರಳ ತುದಿಯ ಕೆಂಪು ನೋಡಿದ. ಆಮೇಲೆ ಪಿನ್ನು ಕೊಟ್ಟ ಕೈ ನೋಡಿದ. ಅವಳ ಉಗುರಿನ ಸಂದಿಯಲ್ಲೂ ಅದೇ ಕೆಂಪು!

ಮಾಯಮ್ಮ ಕಣ್ಣಲ್ಲೇ ಬೇಡಿಕೊಂಡಳು. 'ಹೇಳಬೇಡಿ... ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬೇಡಿ!' ಗೊತ್ತಾದರೆ ಚಿಕ್ಕಪ್ಪ ಅವಳನ್ನು ನಾಗಮಂಗಲಕ್ಕೆ, ಆ ಗಂಡನಿಲ್ಲದ ಗಂಡನ ಮನೆಗೆ ಅಟ್ಟಿಬಿಡುತ್ತಾನೆ. ಅಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೂ ಇಲ್ಲ.

"ಏನ್ಲಾ ಅದು, ಕೆಂಪುಗೆ?" ಮಂಚಯ್ಯ ಬಗ್ಗಿದ.

"ತುಕ್ಕು ಕಣಣ್ಣ." ಚಿಕ್ಕಸ್ವಾಮಿ ಬೆರಳನ್ನು ತನ್ನ ಬಿಳೀ ಪಂಚೆಗೆ ಒರೆಸಿಕೊಂಡ. "ಸೀಮೆಎಣ್ಣೆ ಬುಟ್ಟು ನೆನೀಬೇಕು. ವಾರ ಬುಟ್ಟು ಬತ್ತೀನಿ."

ಮಂಚಯ್ಯನ ಮುಖ ಬಿಳಿಚಿಕೊಂಡಿತ್ತು. "ತುಕ್ಕೂ ಅಲ್ಲ, ಎಂತದೂ ಅಲ್ಲ ಕಣ್ಲಾ... ನಮ್ಮಣ್ಣನೇ ಒಳ್ಗಿಂದ ಹಿಡ್ಕಂಡವ್ನೆ! ಅವ್ನಿಗೆ ಮಾರಾದು ಇಷ್ಟ ಇಲ್ಲ!"

ಸಂಜೆಯೊಳಗೆ ಆ ಮಾತು ಊರೆಲ್ಲ ಹಬ್ಬಿತು. ಕೆ.ಆರ್.ಪೇಟೆ ಸಂತೆಗೂ ಹೋಯಿತು. ನಂಜಪ್ಪ ಸತ್ತರೂ ಕಾರಿನ ಕೀ ಬಿಟ್ಟಿಲ್ಲವಂತೆ!

* * *

ಚಿಕ್ಕಸ್ವಾಮಿ ವಾರ ಬಿಟ್ಟು ಬಂದ. ಸೀಮೆಎಣ್ಣೆ ಬಿಟ್ಟ, ಪೆನ್ಸಿಲ್ ಕಡ್ಡಿ ಅರೆದು ಪುಡಿ ಊದಿದ, ಮತ್ತೆ ಎಳೆದ. "ಇಲ್ಲ, ಬರ್ತಾ ಇಲ್ಲ" ಎಂದು ತಲೆ ಅಲ್ಲಾಡಿಸಿದ. ಮಾಯಮ್ಮ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

ಅವನು ಹೋದ ಮೇಲೆ ಎಂದಿನಂತೆ ಕಾರಿನಲ್ಲಿ ಬಂದು ಕೂತಳು. ಈ ಸಲ ಮುಂದಿನ ಸೀಟಿನಲ್ಲಿ. ಸುಮ್ಮನೆ ಕೀ ಮುಟ್ಟಿದಳು... ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೈಗೆ ಬಂದುಬಿಟ್ಟಿತು!

'ಅಯ್ಯೋ ಕಳ್ಳ! ಬಂದಿದೆ... ಬಂದಿದ್ದರೂ ಬರಲಿಲ್ಲ ಅಂದ! ಯಾಕೆ?'

ಯಾಕೆ ಅಂತ ಕೇಳಿಕೊಂಡವಳ ಕೆನ್ನೆಗೆ ಉತ್ತರ ಗೊತ್ತಿತ್ತು. ಬಿಸಿಯಾಯಿತು. ಮೆಲ್ಲಗೆ ಕೀಯನ್ನು ಇದ್ದಲ್ಲಿಗೇ ತೂರಿಸಿ ಇಳಿದಳು. ಯಾರಿಗೂ ಹೇಳಲಿಲ್ಲ.

ಮುಂದಿನ ವಾರವೂ ಬಂದ. ಅದರ ಮುಂದಿನ ವಾರವೂ! ಅವನು ಎಳೆದ ಹಾಗೆ ಮಾಡುವುದು, ಇವಳು ನಂಬಿದ ಹಾಗೆ ಮಾಡುವುದು. ಮಜ್ಜಿಗೆಯ ಲೋಟ ಕೊಡುವಾಗ ಮಾತ್ರ ಒಂದೆರಡು ಮಾತು.

"ಮನೇಲಿ ಯಾರ್ಯಾರವ್ರೆ?" ಒಮ್ಮೆ ಅವಳೇ ಕೇಳಿದಳು.

"ಯಾರಿಲ್ಲ. ಅವ್ವ ಹೋದ್ಮ್ಯಾಕೆ ಬೀಗ ಹಾಕೋನೂ ನಾನೇ, ತೆಗೆಯೋನೂ ನಾನೇ." ಅವನು ಲೋಟ ಕೆಳಗಿಟ್ಟ. "ದಿನಾ ಊರೋರ್ನೆಲ್ಲ ಅವ್ರವ್ರ ಮನೆಗೆ ಬುಟ್ಟು ಬತ್ತೀನಿ. ನನ್ನ ಮನೆಗೆ ಓಗಕ್ಕೇ ಮನಸಾಗಕಿಲ್ಲ."

ತುಂಬಿದ ಮನೆಯಲ್ಲೂ ಹಾಗೇ ಅನ್ನಿಸುತ್ತದೆ ಅಂತ ಮಾಯಮ್ಮನಿಗೆ ಹೇಳಬೇಕೆನಿಸಿತು. ಲೋಟ ಎತ್ತಿಕೊಂಡು ಒಳಗೆ ಹೋದಳು.

ಆಮೇಲಿನ ವಾರ... ಅವನು ಬರಲಿಲ್ಲ.

ಬೆಳಗಿನಿಂದ ದಾರಿ ನೋಡಿದಳು. ಕಡೆದಿಟ್ಟ ಮಜ್ಜಿಗೆ ಹುಳಿಯಾಯಿತು. ಸಂಜೆ ಪಾಂಡವಪುರದಿಂದ ಮಂಚಯ್ಯ ಬಂದವನೇ ಟವೆಲ್ಲು ಕೊಡವಿ ಜಗಲಿಯ ಮೇಲೆ ಕೂತ. ಮುಖ ಕೆಂಡವಾಗಿತ್ತು.

"ಆ ಚಿಕ್ಕಸ್ವಾಮಿ ಎಲ್ಲಾನೂ ಬಾಯ್ಬುಟ್ಟ ಕಣಮ್ಮಿ. ನಮ್ಮನೆ ಕೊಟ್ಟಿಗೇಲೇ ಇಂಗೆಲ್ಲ ನಡೀತಾ? ನಾಳಿಕ್ಕೆ ಬತ್ತಾನೆ. ಎದುರೆದುರ್ಗೇ ತೀರ್ಮಾನ ಆಗ್ಲಿ!"

ಮಾಯಮ್ಮ ಬಾಗಿಲಿನಿಂದ ಒಳಕ್ಕೆ ಸರಿದಳು.

'ಹೇಳಿಬಿಟ್ಟನಾ... ಕುಂಕುಮದ ವಿಷಯ ಹೇಳಿಬಿಟ್ಟನಾ! ತುಕ್ಕು ಅಂದವನು ಅವನೇ ಅಲ್ಲವಾ?'

ನಂಬಿ ಕೆಟ್ಟೆ ಅಂದುಕೊಂಡಳು. ಅತ್ತೆ ಊಟಕ್ಕೆ ಕರೆದರೂ ಏಳಲಿಲ್ಲ. ಟ್ರಂಕಿಗೆ ಸೀರೆ ತುಂಬುವಾಗ ಕಣ್ಣೀರು ಬರಲಿಲ್ಲ. ಈ ಮನೆಯಲ್ಲಿ ಅಳುವುದಕ್ಕೆ ಅವಳಿಗೆ ಇದ್ದದ್ದು ಆ ಕಾರೊಂದೇ. ಅಲ್ಲಿಗೆ ಹೋಗಲೂ ಈಗ ಮನಸ್ಸಾಗಲಿಲ್ಲ.

* * *

ಮಾರನೆಯ ಬೆಳಗ್ಗೆ ಕೊಟ್ಟಿಗೆಯ ಮುಂದೆ ಮಂಚಯ್ಯ, ಚಿಕ್ಕಬೋರಮ್ಮ, ಪಕ್ಕದ ಮನೆಯ ಮರಿಯಯ್ಯ ಎಲ್ಲ ಸೇರಿದ್ದರು. ಚಿಕ್ಕಸ್ವಾಮಿ ಮಡಿ ಪಂಚೆ ಉಟ್ಟು ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಮಾಯಮ್ಮ ಹೊಸಿಲು ದಾಟಿ ಅಂಗಳಕ್ಕೆ ಬಂದಳು. ಇನ್ನೊಬ್ಬರ ಬಾಯಲ್ಲಿ ಯಾಕೆ ಬರಬೇಕು ತನ್ನ ತಪ್ಪು?

"ಔದು! ಕಾರಿಗೆ ಪೂಜೆ ಮಾಡ್ದೋಳು ನಾನೇ! ಕುಂಕುಮ ಮುಟ್ಟಿದ್ದೂ ನಾನೇ! ಕೀ ಸಿಕ್ಕಂಡಿದ್ದು ಅದ್ಕೇಯ! ಅಪ್ಪನ ಕಾರು ಬೋಳುಬೋಳಾಗಿ ನಿಂತಿದ್ದ ನೋಡಕ್ಕಾಗ್ಲಿಲ್ಲ ಚಿಕ್ಕಪ್ಪ... ಕಳ್ಸೋದಾದ್ರೆ ಕಳ್ಸಿ. ಟ್ರಂಕು ತುಂಬಿಟ್ಟಿವ್ನಿ!"

ಮರಿಯಯ್ಯ ಬಾಯಿಯ ಮೇಲೆ ಕೈಯಿಟ್ಟುಕೊಂಡ.

ಮಂಚಯ್ಯ ಕಣ್ಣು ಪಿಳಿಪಿಳಿ ಬಿಟ್ಟ. "ಯಾವ ಕುಂಕ್ಮ ಕಣಮ್ಮಿ?"

ಮಾಯಮ್ಮ ಬೆಚ್ಚಿದಳು. "ಇವ್ರು... ಇವ್ರು ಹೇಳ್ಲಿಲ್ವಾ?"

ಚಿಕ್ಕಸ್ವಾಮಿ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. "ಅಯ್ಯೋ ಪುಣ್ಯಾತ್ಗಿತ್ತಿ! ಅದ್ನ ನನ್ ಜೀವ ಹೋದ್ರೂ ಹೇಳ್ತಿದ್ನಾ? ನಾನು ಕೇಳಿದ್ದು ನಿಮ್ಮನ್ನ... ಕೂಡಿಕೆ ಮಾಡ್ಕೊಡಿ ಅಂತ!"

ಮಾಯಮ್ಮ ಕಂಬ ಹಿಡಿದುಕೊಂಡಳು. ರಾತ್ರಿಯೆಲ್ಲ ಒಣಗಿದ್ದ ಕಣ್ಣು ಆಗ ತುಂಬಿ ಬಂತು.

ಗಂಡ ಸತ್ತವಳನ್ನು ಇನ್ನೊಬ್ಬನಿಗೆ ಕೂಡಿಕೆ ಮಾಡಿ ಕೊಡುವುದು ಅವರ ಜನದಲ್ಲಿ ಹೊಸದಲ್ಲ. ವಾಲಗವಿಲ್ಲದೆ, ಚಪ್ಪರವಿಲ್ಲದೆ, ಸೀರೆ ಕೊಟ್ಟು ಕರೆದುಕೊಂಡು ಹೋಗುವುದು. ಆದರೆ ದೊಡ್ಡ ಮನೆಗಳಲ್ಲಿ ಅದು ನಡೆಯುತ್ತಿರಲಿಲ್ಲ.

"ನಮ್ ಮನೆತನದಲ್ಲಿ ಕೂಡಿಕೆ ಇಲ್ಲ," ಮಂಚಯ್ಯ ಗುಡುಗಿದ. "ಮ್ಯಾಲೆ ಇವ್ಳು ಕುಂಕ್ಮ ಬೇರೆ ಮುಟ್ಟವ್ಳೆ!"

"ಆ ಕುಂಕ್ಮ ಮುಟ್ಟೋ ಹಕ್ಕು ಅವ್ರಿಗೆ ಬರ್ಲಿ ಅಂತ್ಲೇ ಕೇಳ್ತಿರಾದು ಕಣಣ್ಣ." ಚಿಕ್ಕಸ್ವಾಮಿಯ ದನಿ ತಗ್ಗಿತ್ತು, ಆದರೆ ಅಲುಗಲಿಲ್ಲ.

ಮಂಚಯ್ಯ ಸುತ್ತ ನೋಡಿದ. ಕಾರು ಕಣ್ಣಿಗೆ ಬಿತ್ತು.

"ನಂದೇನೈತೆ? ಅವ್ಳಪ್ಪ ಒಪ್ಬೇಕು. ಕುಂಕ್ಮವೋ ತುಕ್ಕೋ, ಇಷ್ಟ್ ದಿನ ತಿಕ್ಕುದ್ರೂ ಬರ್ಲಿಲ್ಲ ಅಂದ್ಮೇಲೆ ಹಿಡ್ಕಂಡಿರೋನು ನಮ್ಮಣ್ಣನೇ. ಅವ್ನು ಕೀ ಬುಟ್ರೆ, ನಾನೂ ಬುಡ್ತೀನಿ!"

ಚಿಕ್ಕಸ್ವಾಮಿ ಕಾರಿನ ಕಡೆಗೆ ಹೆಜ್ಜೆಯಿಟ್ಟ. ಚಿಕ್ಕಬೋರಮ್ಮ ಕೋಲು ಅಡ್ಡ ಹಿಡಿದಳು. "ನೀನಲ್ಲ ಕಣ್ಲಾ. ಮಗಳು ಕೇಳ್ಲಿ."

ಮಾಯಮ್ಮ ಒಳಗೆ ಕೂತಳು. ಒಳಗೊಳಗೇ ನಗು, ಅಳು ಎರಡೂ. ಬೆಣ್ಣೆಯ ಹಾಗೆ ಬರುವ ಕೀ ಅದು, ಅವಳಿಗೆ ಗೊತ್ತಿಲ್ಲವೇ? ಎರಡು ಬೆರಳಲ್ಲಿ ಹಿಡಿದು ಎಳೆದಳು.

ಬರಲಿಲ್ಲ.

ಮತ್ತೆ ಎಳೆದಳು. ಕೀ ಓರೆಯಾಗಿ ಕಚ್ಚಿಕೊಂಡಿತು. ಗಾಜಿನಾಚೆ ಚಿಕ್ಕಸ್ವಾಮಿಯ ಮುಖದಲ್ಲಿ ಬಣ್ಣವೇ ಇಲ್ಲ. ಇದು ನಾಟಕವಲ್ಲ, ಈ ಸಲ ನಿಜವಾಗಿ ಸಿಕ್ಕಿಕೊಂಡಿದೆ!

"ನೋಡುದ್ರಾ?" ಎಂದ ಮಂಚಯ್ಯ. ದನಿಯಲ್ಲಿ ಗೆದ್ದ ಸಂತೋಷವೇನೂ ಇರಲಿಲ್ಲ.

'ಅಪ್ಪಾ... ಬಿಡಪ್ಪಾ...'

ಅವಳ ಕೈ ಸೋತು ಮಡಿಲಿಗೆ ಬಿತ್ತು. ಆಗ ನೆನಪಾಯಿತು. ಕಾರು ತಂದ ಹೊಸದರಲ್ಲಿ ಒಮ್ಮೆ ಹೀಗೇ ಕಚ್ಚಿಕೊಂಡಾಗ ಅಪ್ಪ ಅವಳ ಕೈ ಮೇಲೆ ಕೈಯಿಟ್ಟು ಹೇಳಿದ್ದರು. "ಎಳೀಬ್ಯಾಡ ಮಗ. ಮೊದ್ಲು ಒಳಕ್ಕೆ ಒತ್ತು. ಚೂರು ಎಡಕ್ಕೆ ತಿರ್ಗ್ಸು. ಆಮೇಲೆ ಅದೇ ಬತ್ತದೆ. ಬಲವಂತ ಮಾಡ್ಬಾರ್ದು."

ಮೆಲ್ಲಗೆ ಒಳಕ್ಕೆ ಒತ್ತಿದಳು. ಚೂರೇ ಚೂರು ಎಡಕ್ಕೆ...

ಟಕ್!

ಕೀ ಕೈಗೆ ಬಂತು.

ಮಾಯಮ್ಮ ಸ್ಟೇರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಈ ಸಲ ಗಾಜು ಏರಿಸಿರಲಿಲ್ಲ. ಎಲ್ಲರಿಗೂ ಕೇಳಿಸಿತು.

"ಲೇ ಮಂಚ!" ಚಿಕ್ಕಬೋರಮ್ಮ ಕೋಲು ನೆಲಕ್ಕೆ ಕುಟ್ಟಿದಳು. "ಅಣ್ಣ ಹಿಡ್ಕಂಡವ್ನೆ ಹಿಡ್ಕಂಡವ್ನೆ ಅಂತ ಊರೂರಿಗೆ ಡಂಗುರ ಹೊಡ್ದೋನು ನೀನೇ ತಾನೆ? ಈಗ ಮಗಳ ಕೈಗೇ ಬುಟ್ಟವ್ನೆ. ಇನ್ನೇನ್ಲಾ ನಿಂದು?"

ಮಂಚಯ್ಯ ಕಾರಿನ ಹತ್ತಿರ ಬಂದ. ಬಾನೆಟ್ಟಿನ ಮೇಲೆ ಅಂಗೈಯಿಟ್ಟ. ಟವೆಲ್ಲಿನಲ್ಲಿ ಕಣ್ಣೊತ್ತಿಕೊಂಡ.

"ಕಾರು ಮಾರಾಕಿಲ್ಲ," ಎಂದ ಕೊನೆಗೆ. "ಮಗಳ ಜೊತೇಲೇ ಓಗ್ಲಿ. ಲೋ ಚಿಕ್ಕಸ್ವಾಮಿ, ಹಬ್ಬಕ್ಕೆ ಉಣ್ಣಿಮೆಗೆ ಕರ್ಕಂಡ್ ಬರ್ಬೇಕು, ತಿಳೀತಾ?"

ಎಲ್ಲರೂ ಜಗಲಿಯ ಕಡೆ ಹೋದ ಮೇಲೆ ಚಿಕ್ಕಸ್ವಾಮಿ ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂತ. ಮಾಯಮ್ಮ ಅಂಗೈ ಬಿಚ್ಚಿದಳು. ಕೀಯ ಹಲ್ಲುಗಳ ಸಂದಿಯಲ್ಲಿ ಇನ್ನೂ ಒಂದಿಷ್ಟು ಕುಂಕುಮ ಉಳಿದಿತ್ತು.

"ಇದು ಬಂದು ಎಷ್ಟು ದಿನ ಆಗಿತ್ತು?" ಅವಳು ಕೇಳಿದಳು.

ಅವನು ಕಳ್ಳನ ಹಾಗೆ ನೆಲ ನೋಡಿದ. "ಎರಡ್ನೇ ಸಲಕ್ಕೇ ಬಂದಿತ್ತು."

"ನಂಗೊತ್ತಿತ್ತು."

"ಆಂ! ಗೊತ್ತಿದ್ದೂ ಸುಮ್ಕಿದ್ರಾ?"

"ಹೇಳಿದ್ರೆ... ನೀವು ಬರಾದು ನಿಲ್ಲಿಸ್ತಿದ್ರಿ."

ಅವನು ಕೀಯಿಂದ ಆ ಕುಂಕುಮವನ್ನು ಬೆರಳಿಗೆ ಹಚ್ಚಿಕೊಂಡ. ಬೆರಳು ಅವಳ ಹಣೆಯ ಹತ್ತಿರ ಬಂದು ನಿಂತಿತು.

"ಇಡ್ಲಾ ಮಾಯಮ್ಮ?"

ಅವಳು ಕಣ್ಣು ಮುಚ್ಚಿಕೊಂಡಳು.

"ತುಕ್ಕು ಅನ್ನಲ್ಲ ತಾನೆ?"