ಗೆದ್ದ ಮೇಲೆ ಹೇಳುವ ಮಾತು

ಚೆಸ್ ಹಲಗೆಯಿಂದ ಕೈ ತೆಗೆದ ಮೇಲೆ ಅವಳಿಗೆ ಕಂಡಿತು: ತನ್ನ ರಾಣಿ ನೆಟ್ಟಗೆ ಹೋಗಿ ಅವನ ಕುದುರೆಯ ಬಾಯಲ್ಲಿ ಕೂತಿದೆ.

ಅವಳು ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಎದುರಿಗಿದ್ದವನು ಪಕ್ಕದ ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವವನು. ಊಟದ ಬಿಡುವಿನಲ್ಲಿ ಚೆಸ್ಸಿಗೆ ಬರುತ್ತಿದ್ದ, ಸೋತು ಹೋಗುತ್ತಿದ್ದ. ಆಟ ಸಮವಾಗಲೆಂದು ಅವಳು ಮೊದಲೇ ತನ್ನ ರಾಣಿಯನ್ನು ತೆಗೆದಿಟ್ಟು ಆಡುವುದು ರೂಢಿ. ಆದರೂ ಅವಳೇ ಗೆಲ್ಲುತ್ತಿದ್ದಳು.

ಹೋದ ವಾರ ಅವನೇ ರಾಣಿಯನ್ನು ಹಲಗೆಗೆ ವಾಪಸ್ ಇಟ್ಟಿದ್ದ.

"ಈ ರಿಯಾಯಿತಿ ಸಾಕು. ಸರಿಯಾಗಿ ಆಡಿ ಒಂದ್ಸಲ ಗೆದ್ರೆ ನಿಮಗೊಂದು ಮಾತು ಹೇಳಬೇಕು. ಅಲ್ಲೀವರೆಗೆ ಹೇಳಲ್ಲ."

ಆ ಮಾತು ಕೇಳಲು ಅವಳು ಚಡಪಡಿಸುತ್ತಿದ್ದಳು. ಆದರೆ ಬೇಕೆಂದೇ ಸೋಲುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

ಈಗ ಅವನು ಕುದುರೆಯನ್ನು ಮುಟ್ಟಲಿಲ್ಲ. ರಾಣಿಯನ್ನು ನೋಡಿದ, ಅವಳನ್ನು ನೋಡಿದ. ಕಿವಿ ಕೆಂಪಾಯಿತು.

"ಬೇಕಂತಲೇ ಬಿಟ್ರಿ, ಅಲ್ವಾ?"

"ಇಲ್ಲಪ್ಪ."

"ನೀವು ಇಂಥ ತಪ್ಪು ಮಾಡೋರಲ್ಲ. ಪಾಪ ಅಂತ ಗೆಲ್ಲಿಸ್ತಿದೀರ. ನಾಳೆ ನನ್ನ ಮಾತಿಗೂ ಪಾಪ ಅಂತಲೇ ಹೂಂ ಅಂತೀರ. ಬೇಡ, ನಾನಿನ್ನು ಬರಲ್ಲ."

ಎದ್ದೇಬಿಟ್ಟ. ರಾಣಿ ಇಟ್ಟು ಆಡಿ ರೂಢಿಯಿಲ್ಲ ಎಂದು ಅವಳು ನೆಪ ಹೇಳಬಹುದಿತ್ತು. ಅದು ಸುಳ್ಳಾಗುತ್ತಿತ್ತು.

"ನಾನು ಹಲಗೆ ನೋಡ್ತಾನೇ ಇರಲಿಲ್ಲ," ಎಂದಳು.

"ಮತ್ತೇನು ನೋಡ್ತಿದ್ರಿ?"

"ಯೋಚನೆ ಮಾಡುವಾಗ ನೀವು ತುಟಿ ಕಚ್ಕೋತೀರಲ್ಲ, ಅದನ್ನ."

ತಾನೇ ಆಡಿದ ಮಾತಿಗೆ ಅವಳೇ ಬೆಚ್ಚಿಬಿದ್ದಳು. ಅಂಗಡಿಯ ಗಲ್ಲಾದಲ್ಲಿ ಬಿಲ್ ಬರೆಯುತ್ತಿದ್ದ ಅವಳ ಚಿಕ್ಕಮ್ಮ ಒಂದು ಸಲ ಕೆಮ್ಮಿ, ಏನೋ ಹುಡುಕುವವಳಂತೆ ಒಳಗೆ ಹೋದಳು.

ಅವನು ದೊಪ್ಪನೆ ಕೂತ. ಕುದುರೆಯಿಂದ ರಾಣಿಯನ್ನು ಹೊಡೆದ. ಇನ್ನು ಗೆದ್ದಂತೆಯೇ ಎಂದುಕೊಂಡನೋ ಏನೋ, ಮುಖದಲ್ಲಿ ನಗು ಮೂಡಿತು.

ಆದರೆ ರಾಣಿಯಿಲ್ಲದೆ ಆಡುವುದು ಅವಳಿಗೆ ಹೊಸದೇ? ಈ ಸಲ ಅವಳು ಹಲಗೆ ಬಿಟ್ಟು ಕಣ್ಣೆತ್ತಲಿಲ್ಲ. ಆನೆ ಬಂತು, ಒಂಟೆ ಬಂತು, ಅವನ ರಾಜನಿಗೆ ಓಡಲು ಜಾಗವೇ ಉಳಿಯಲಿಲ್ಲ.

"ಚೆಕ್‌ಮೇಟ್."

ಅವನು ತನ್ನ ರಾಜನನ್ನು ಹಲಗೆಯ ಮೇಲೆ ಮಲಗಿಸಿದ. "ಇವತ್ತೂ ಸೋತೆ. ಹಾಗಾದ್ರೆ ಹೇಳೋ ಹಾಗಿಲ್ಲ."

"ಗೆದ್ದೋರು ತಾನೇ ಹೇಳಬೇಕಾದ್ದು? ನಾನೇ ಹೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಅವನು ಥಟ್ಟನೆ ತಲೆಯೆತ್ತಿದ.

"ಅದು ನಾನು ಕೇಳಬೇಕಿದ್ದ ಮಾತು."

"ಗೆಲ್ಲಬೇಕಿತ್ತು," ಎಂದು ಅವಳು ಅವನ ಕೈ ಹಿಡಿದುಕೊಂಡಳು.